ಹೊಂಡದ ಹಗ್ಗ

ಅಪ್ಪನಾಗಿ ನಾನು ಶುದ್ಧ ನಾಲಾಯಕ್ ಎಂದು ಬಹಳ ದಿನ ನಂಬಿದ್ದೆ. ಪೇಟೆಯ ಗಾಂಧಿ ಚೌಕದಲ್ಲಿ ನನ್ನ ಒಣದ್ರಾಕ್ಷಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿದರೆ ಮನೆಯ ನೆನಪೇ ಇರುತ್ತಿರಲಿಲ್ಲ. ಮಗಳ ಓದು, ಜ್ವರ, ಜಡೆ ಎಲ್ಲ ಹೆಂಡತಿಯ ಪಾಲು, ಅದೂ ಬಬಲೇಶ್ವರದ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು. ನನ್ನದೇನು? ಬರೀ ಬಾಯಿ. ಅಲ್ಲಿ ಹೋಗಬ್ಯಾಡ, ಇದನ್ನ ಮುಟ್ಟಬ್ಯಾಡ. ಹತ್ತು ವರ್ಷದ ಮಗಳು, "ಯಪ್ಪಾ, ಸಾಕ ಮಾಡೋ ನಿನ್ನ ಪುರಾಣ" ಎನ್ನುತ್ತಿದ್ದಳು.

ಆ ಪುರಾಣದಲ್ಲಿ ಹೆಚ್ಚಿನ ಪಾಲು ಹೊಂಡದ್ದು. ತಿಕೋಟಾ ದಾಟಿ ಕಳ್ಳಕವಟಗಿಯಲ್ಲಿ ನಮ್ಮ ದ್ರಾಕ್ಷಿ ತೋಟ. ನೀರು ನಿಲ್ಲಿಸಲು ಹೊಂಡ ತೋಡಿಸಿ, ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ. ಎರಡಾಳು ಆಳ. ಆ ಹಾಳೆಯ ಮೇಲೆ ಕಾಲು ಜಾರಿತೋ, ಈಜು ಬಂದವನೂ ಹತ್ತಿ ಬರಲಾರ. ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೇ ಗೇಣಿಗೊಂದು ಗಂಟು ಹಾಕಿದ ಹಗ್ಗವನ್ನು ದಂಡೆಯ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿದ್ದೆ. ದೂರದಿಂದಲೇ ಕಾಣಲೆಂದು ಅದಕ್ಕೆ ಮಗಳ ಹಳೆಯ ಕೆಂಪು ಫ್ರಾಕಿನ ತುಂಡು ಬಿಗಿದಿದ್ದೆ.

ಈ ಬೇಸಿಗೆ ಸೂಟಿಗೆ ಅವಳು ತೋಟದಲ್ಲಿ ಅಜ್ಜಿಯ ಹತ್ತಿರ ಇದ್ದಳು. ನನ್ನ ತಮ್ಮನ ಇಬ್ಬರು ಚಿಕ್ಕ ಮಕ್ಕಳೂ ಅಲ್ಲೇ. ಒಂದು ಮಧ್ಯಾಹ್ನ ತಮ್ಮ ಟಂಟಂ ಗಾಡಿ ತುಂಬ ಒಣದ್ರಾಕ್ಷಿ ಬಾಕ್ಸ್ ಹೇರಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿದ. ಬಾಕ್ಸುಗಳಿಗೆ ಬಿಗಿದ ಹಗ್ಗದಲ್ಲಿ ಕೆಂಪು ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು.

"ಲೇ, ಇದು ಹೊಂಡದ ಹಗ್ಗ ಅಲ್ಲೇನು?"

"ಹೌದಣ್ಣಾ. ಸಿಕ್ಕಿದ್ರಾಗ ಕಟ್ಕೊಂಡ ಲಗೂನ ಬಾ ಅಂತ ನೀನ ಫೋನ್ದಾಗ ಅಂದೆಲ್ಲ."

ಅಂದದ್ದು ನಾನೇ. ಗಿರಾಕಿ ಕಾಯುತ್ತಿದ್ದಾನೆಂದು ಒದರಿದ್ದೆ.

"ಹುಡುಗ್ರು ಎಲ್ಲಿ ಅದಾರ?"

"ಹೊಂಡದ ಕಡೆ ಚೆಂಡ ಆಡಾಕತ್ತಿದ್ರು."

ಅವ್ವನಿಗೆ ನಾಕೈದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೈಕ್ ಹತ್ತಿದೆ. ಬಿಸಿಲಿಗೆ ರಸ್ತೆಯೇ ಕಣ್ಣೆದುರು ಅಲುಗುತ್ತಿತ್ತು. ತಿಕೋಟಾದಲ್ಲಿ ಮತ್ತೆ ಫೋನ್ ಮಾಡಿದೆ, ಆಗಲೂ ಇಲ್ಲ. ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ. ಏನಂತ ಹೇಳಲಿ?

ತೋಟದಲ್ಲಿ ಒಂದು ನರಪಿಳ್ಳೆಯ ಸದ್ದಿಲ್ಲ. ದಂಡೆ ಹತ್ತಿದೆ. ಗೂಟ ಬೋಳಾಗಿತ್ತು. ಅದರ ಬುಡದಲ್ಲಿ ಮಗಳ ಒಂದು ಚಪ್ಪಲಿ. ಹಸಿರು ನೀರಿನ ನಡುವೆ ಚೆಂಡು, ಅಲುಗದೆ ನಿಂತಿತ್ತು. ಅವಳನ್ನು ಕೂಗಿದೆ, ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

"ಯಪ್ಪಾ!"

ತಿರುಗಿದೆ. ಆಚೆ ಬೇವಿನ ಗಿಡದ ಕೆಳಗೆ ಮಗಳು, ತಮ್ಮನ ಇಬ್ಬರೂ ಮಕ್ಕಳ ಮುಂಗೈ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಅವರಿಬ್ಬರೂ ಅತ್ತು ಅತ್ತು ಕೆಂಪಾಗಿದ್ದರು. "ಚೆಂಡ ತರತೀವಿ ಅಂತ ಇಳ್ಯಾಕ ಹೊಂಟಿದ್ರು, ಎಳ್ಕೊಂಡ ಬಂದೆ. ಒಂದ ಚಪ್ಪಲಿ ಅಲ್ಲೇ ಉಳೀತು. ಅಜ್ಜಿ ಶೆಡ್ಡಿನ್ಯಾಗ ಮಲಗ್ಯಾಳ, ಕರದ್ರ ಕೇಳವಲ್ದು. ಇವರ್ನ ಬಿಟ್ಟ ಹ್ಯಾಂಗ ಹೋಗ್ಲಿ?"

ಅಲ್ಲೇ ನೆಲದ ಮೇಲೆ ಕುಳಿತು, ಮಕ್ಕಳೆದುರು ನಾಚಿಕೆ ಬಿಟ್ಟು ಅತ್ತೆ. ಹಗ್ಗ ಬಿಚ್ಚಿಸಿದವನು ನಾನು. ಅಪ್ಪನೆಂಬವನು ಮಾಡಬಾರದ ತಪ್ಪು ಮಾಡಿದ್ದೆ. ಆದರೂ ಅವಳ ಕೈ ಆ ಮಕ್ಕಳನ್ನು ಹಿಡಿದಿತ್ತಲ್ಲ, ಅದನ್ನು ಅವಳಿಗೆ ಕಲಿಸಿದವರು ಯಾರು? ನಾನು ಸಾಲುತ್ತೇನೋ ಇಲ್ಲವೋ ಎಂದು ಒಳಗೊಳಗೇ ಬೇಯುವ ಅಪ್ಪಂದಿರೇ, ಮಕ್ಕಳು ಕೇಳುತ್ತಿಲ್ಲ ಎಂದುಕೊಂಡು ನಿಮ್ಮ ಪುರಾಣ ನಿಲ್ಲಿಸಬೇಡಿ.

ನನ್ನ ಅಳು ಕಂಡು ಚಿಕ್ಕವರೂ ಚೆಂಡು ಬೇಕೆಂದು ಮತ್ತೆ ಅಳತೊಡಗಿದರು. ಚೆಂಡು ತೆಗೆದುಕೊಟ್ಟರಾಯಿತೆಂದು ಒಂದು ಕೋಲು ಹಿಡಿದು ದಂಡೆ ಹತ್ತಿ, ಹಾಳೆಯ ಮೇಲೆ ಕಾಲಿಡಲು ಹೋದೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದರು.

"ಎಲ್ಲಿ ಹೊಂಟಿ?" ಮಗಳು ನನ್ನನ್ನೇ ಗದರಿಸಿದಳು. "ಹಗ್ಗ ಇಲ್ಲ, ಕಾಣವಲ್ದೇನು?"