ಮನಸಾದೇವಿಯಲ್ಲಿ ಬಿಚ್ಚದ ದಾರ

ಶೈಲಾ, ಹರಿದ್ವಾರದಲ್ಲಿ ನಾನು ಆ ದಾರ ಬಿಚ್ಚಲಿಲ್ಲ. ಬೆಟ್ಟವನ್ನೇ ಹತ್ತಲಿಲ್ಲ. ಆರು ವರ್ಷದಿಂದ ನಿನಗೂ ನಿನ್ನ ಅಮ್ಮನಿಗೂ ಹೇಳಿಕೊಂಡು ಬಂದದ್ದು ಸುಳ್ಳು.

ಎದುರು ಕೂತು ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ — ಪ್ರತಿ ಸಲವೂ "ಟೀ ಮಾಡ್ಲಾ?" ಅಂತ ಕೇಳಿ ಎದ್ದುಹೋದೆ. ಅಂಥ ಪುಕ್ಕಲ ನಾನು. ಅದಕ್ಕೇ ಈ ಕಾಗದ. ಅನ್ವಿಯನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗುವ ಮೊದಲು ಊಟದ ಟೇಬಲ್ ಮೇಲೆ ಇಟ್ಟು ಹೋಗುತ್ತೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದಲೇ ಬರೆಯುತ್ತೇನೆ — ಇಲ್ಲದಿದ್ದರೆ ಮಧ್ಯದಲ್ಲೆಲ್ಲೋ ಮತ್ತೆ ನುಣುಚಿಕೊಳ್ಳುತ್ತೇನೆ.

ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಿಲ್ಲವೆಂದು ಅತ್ತೆ ಕುಂದಾಪುರದ ಯಾತ್ರೆಯವರ ಜೊತೆ ಹೋಗಿ, ಹರಿದ್ವಾರದ ಬೆಟ್ಟದ ಮೇಲೆ ಮನಸಾದೇವಿಯ ಮರಕ್ಕೆ ದಾರ ಕಟ್ಟಿ ಬಂದಿದ್ದರು. ಬೇಡಿದ್ದು ಕೈಗೂಡಿದರೆ ಮತ್ತೆ ಹೋಗಿ ಒಂದು ದಾರ ಬಿಚ್ಚಬೇಕು — ಅಲ್ಲಿಯ ಕ್ರಮ ಅದು. ಅನ್ವಿ ಹುಟ್ಟಿದಳು. ಅವಳಿಗೆ ವರ್ಷ ತುಂಬಿದ ಮೇಲೆ ರಜೆಯಲ್ಲಿ ನಾವೆಲ್ಲ ಹೋದೆವು. ಅವತ್ತು ಬೆಳಿಗ್ಗೆ ಮಗುವಿಗೆ ಜ್ವರ. ನೀನು ರೂಮಿನಲ್ಲೇ ಉಳಿದೆ. ನಾನೂ ಅತ್ತೆಯೂ ಹೊರಟೆವು. ಕೇಬಲ್ ಕಾರಿನ ಕ್ಯೂ ಬೀದಿಯವರೆಗೂ ಬಂದಿತ್ತು. ಅರ್ಧ ಗಂಟೆ ನಿಂತ ಮೇಲೆ ಅವರು ಮೊಣಕಾಲು ಹಿಡಿದುಕೊಂಡು ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಹ್ವಾಯ್, ನಂಗೆ ಆತಿಲ್ಲೆ. ನೀವೇ ಹೋಯ್ ಬನ್ನಿ. ಯಾವ್ದಾರೂ ಒಂದ್ ದಾರ ಬಿಚ್ಚಿರೆ ಸಾಕ್."

ಅವರನ್ನು ರಿಕ್ಷಾ ಹತ್ತಿಸಿ ರೂಮಿಗೆ ಕಳಿಸಿದೆ. ಕ್ಯೂ ಪಕ್ಕದಲ್ಲೇ ಒಂದು ಟೀ ಅಂಗಡಿ, ಅಲ್ಲೊಂದು ಟಿವಿ, ಟಿವಿಯಲ್ಲಿ ಕ್ರಿಕೆಟ್. ಒಂದು ಓವರ್ ನೋಡಿ ಹೋಗೋಣ ಅಂದುಕೊಂಡೆ — ಎರಡು ಗಂಟೆ ಕೂತೆ. ಹೌದು, ಕ್ರಿಕೆಟ್ಟಿಗೋಸ್ಕರ, ನಾಚಿಕೆಗೇಡು. ಆಮೇಲೆ ಕೆಳಗಿನ ಅಂಗಡಿಯಲ್ಲೇ ಪ್ರಸಾದದ ಪೊಟ್ಟಣ ಕೊಂಡು, ಅಂಗಡಿಯವನ ಕನ್ನಡಿ ನೋಡಿಕೊಂಡು ಹಣೆಗೆ ನಾನೇ ಕುಂಕುಮ ಇಟ್ಟುಕೊಂಡೆ. ಬಾಗಿಲಲ್ಲೇ ಕಾದಿದ್ದ ಅತ್ತೆಗೆ "ಬಿಚ್ಚಿದೆ" ಅಂದೆ. ಅವರು ಆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ಯಾವತ್ತೋ ಒಪ್ಪಿಕೊಂಡು, ನಿನ್ನ ಕೈಲಿ ಬೈಸಿಕೊಂಡು ಸುಮ್ಮನಾಗಬಹುದಿತ್ತು.

ಮೂರು ವರ್ಷದ ಹಿಂದೆ, ಪರದೇಶದ ಈ ಸಟನ್ನಿನ ಮನೆಗೆ ಬಂದ ಮೇಲೆ, ನೀನು ಐದು ತಿಂಗಳ ಬಸುರಿಯಾಗಿದ್ದಾಗಲೇ ನಮ್ಮ ಎರಡನೆಯ ಮಗು ಹೋಯಿತು. ಯಾರ ತಪ್ಪೂ ಅಲ್ಲವೆಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ದುಡಿಯುವ ನನಗೂ ಅದು ಗೊತ್ತು; ದಾರದಿಂದ ಮಗು ಉಳಿಯುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ನಂಬಿದ್ದವರು ನೀವಿಬ್ಬರು. ನಿನ್ನ ಆರೈಕೆಗೆ ಬಂದಿದ್ದ ಅತ್ತೆ, ದಾರ ಬಿಚ್ಚಲು ತಾನೇ ಬೆಟ್ಟ ಹತ್ತಬೇಕಿತ್ತೆಂದು ಹಾಸಿಗೆಯ ಪಕ್ಕ ಕೂತು ಅತ್ತರು. "ನಾನೇ ಹೋಯ್ಕಿತ್ತ್ ಶೈಲು. ಹರಕೆ ಹೇಳ್ಕಂಡದ್ದ್ ನಾನಲ್ದಾ."

ನೀನು ಗೋಡೆ ಕಡೆ ತಿರುಗಿ ಅಂದೆ — "ಹೌದ್, ನೀನೇ ಹೋಯ್ಕಿತ್ತ್. ನಿಂಗೆ ನಿನ್ನ ಕಾಲೇ ಹೆಚ್ಚಾಯ್ತ್."

ನಾನು ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಂದೇ ಒಂದು ವಾಕ್ಯ ಸಾಕಿತ್ತು. ಹೇಳಲಿಲ್ಲ. ನಿನ್ನ ಕಣ್ಣಿನಲ್ಲಿ ಸಣ್ಣವನಾಗುತ್ತೇನೆಂಬ ಭಯ — ಬೇರೆ ಯಾವ ಕಾರಣವೂ ಇರಲಿಲ್ಲ, ಹುಡುಕಿ ನೋಡಿದ್ದೇನೆ.

ಅವರು ಟಿಕೆಟ್ ಬದಲಿಸಿಕೊಂಡು ಬೇಗನೆ ಊರಿಗೆ ಹೊರಟುಹೋದರು. ಆಮೇಲೆ ಅವರ ಫೋನ್ ಬಂದಾಗಲೆಲ್ಲ ನೀನು ಅನ್ವಿಯ ಕೈಗೆ ಕೊಡುತ್ತಿದ್ದೆ. ಅವಳು ಇಂಗ್ಲಿಷಿನಲ್ಲಿ ಏನೋ ಹೇಳುವಳು, ಅಜ್ಜಿ "ಹ್ಞೂಂ ಮಗಾ, ಹ್ಞೂಂ" ಅನ್ನುವರು. ಎರಡು ತಿಂಗಳ ಹಿಂದೆ ಅವರು ತೀರಿಕೊಂಡಾಗ ನೀನು ವಿಮಾನದಲ್ಲಿದ್ದೆ.

ಕಳೆದ ವಾರ ಅವರ ಸೀರೆಗಳನ್ನು ಮಡಚಿಡುತ್ತಾ ನೀನು ಅಂದೆ, "ರೀ, ಸತ್ತ ಮೇಲೂ ಅಮ್ಮನ ಮೇಲಿನ ಸಿಟ್ಟು ಹೋಗ್ತಿಲ್ಲ. ನಾನೆಂಥ ಮಗಳು?"

ಶೈಲಾ, ಆ ಸಿಟ್ಟು ನನಗೆ ಸೇರಬೇಕಾದದ್ದು. ಅಮ್ಮ ನಿನಗೆ ಏನೂ ಮಾಡಲಿಲ್ಲ. ನೋಯುವ ಕಾಲಿಟ್ಟುಕೊಂಡು ಅಷ್ಟು ದೂರ ಬಂದರು, ಅಳಿಯನನ್ನು ನಂಬಿದರು. ಅಷ್ಟೇ ಅವರು ಮಾಡಿದ್ದು. ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ — ಕೇಳಬೇಕಾದವರನ್ನು ಕೇಳದೆ ಕಳಿಸಿಬಿಟ್ಟೆ. ಆದರೆ ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ.

ಅವರನ್ನು ಹೀಥ್ರೂ ವಿಮಾನ ನಿಲ್ದಾಣಕ್ಕೆ ಬಿಡಲು ಹೋದ ದಿನ, ಕಾರು ಮನೆಯ ಬೀದಿ ದಾಟುತ್ತಲೇ ಅವರು ಕೇಳಿದರು, "ನೀವ್ ದಾರ ಬಿಚ್ಚಿದ್ದ್ ಹೌದಲ್ದಾ?"

"ಹೌದು ಅತ್ತೆ" ಅಂದೆ.

"ಹಾಂಗಾರೆ ತಪ್ಪ್ ನಂದೇ" ಅಂದರು.

ಇನ್ನೂ ಮುಕ್ಕಾಲು ಗಂಟೆಯ ದಾರಿಯಿತ್ತು. ನಾನು ರೇಡಿಯೊ ಹಾಕಿದೆ.