ಒಂದೇ ಮತದ ತಿದ್ದುಪಡಿ

ವಿಧಾನಸಭೆಯ ಅಧಿವೇಶನ ಮುಗಿದ ಮರುದಿನ ಬೆಳಿಗ್ಗೆ ಶರಣಪ್ಪ ಕಾಕಾ ಮೈದಾಹಿಟ್ಟಿನ ಅಂಟು ಹಿಡಿದುಕೊಂಡು ತೆಲುಗು ರಾಜ್ಯದ ರಾಜಧಾನಿಯಲ್ಲಿ, ತಾರ್ನಾಕ ಬಡಾವಣೆಯ ತಮ್ಮ ಮನೆಯ ಗೇಟಿನ ಮುಂದೆ ನಿಂತಿರುತ್ತಿದ್ದರು. ಶಾಸಕರು ಅವರು. ಯಾವ ಮಸೂದೆಗೆ ಹೌದು ಅಂದೆ, ಯಾವುದಕ್ಕೆ ಇಲ್ಲ ಅಂದೆ, ಯಾಕೆ ಅಂದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಅಂಟಿಸುತ್ತಿದ್ದರು. ಮೇಲೆ ತೆಲುಗು, ಕೆಳಗೆ ನಮ್ಮಂಥವರಿಗೆ ಕನ್ನಡ. ಅದೇ ಹಾಳೆ ಗಡಿ ಸೀಮೆಯ ಅವರ ಕ್ಷೇತ್ರದ ಊರೂರಿಗೂ ಹೋಗುತ್ತಿತ್ತು. ಹೀಗೆ ಮಾಡುವ ಇನ್ನೊಬ್ಬ ಶಾಸಕರಿದ್ದರೆ ನನಗೂ ತೋರಿಸಿ.

ಪಕ್ಕದ ಮನೆಯವಳಾದ ನನಗೆ ಆ ಹಾಳೆ ಟೈಪ್ ಮಾಡಿಕೊಡುವ ಕೆಲಸ. ಊರಿನ ಇನ್ನೊಂದು ತುದಿಯ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥ ಒಂದರಲ್ಲಿ ನನಗೂ ನೌಕರಿ ಸಿಕ್ಕಿತ್ತು. ಒಮ್ಮೆ ಅವರ ಕೈಬರಹದಲ್ಲಿ ಹೀಗಿತ್ತು: ‘ಊಟದ ಮೇಲೆ ಜೊಂಪು ಹತ್ತಿತ್ತು. ಪಕ್ಕದವರು ಎದ್ದರೆಂದು ನಾನೂ ಎದ್ದೆ. ಅದನ್ನೇ ಮತವೆಂದು ಎಣಿಸಿಬಿಟ್ಟರು. ತಪ್ಪು ನನ್ನದು.’

“ಕಾಕಾ, ಇದನ್ನ ಬಿಟ್ಟುಬಿಡ್ಲೇನ್ರಿ? ಮಂದಿ ನಗ್ತಾರ,” ಅಂದೆ.

“ನಗಲಿ ಬಿಡವಾ. ಮತ ಅವರದು, ನಿದ್ದಿ ನಂದು. ನೀ ಟೈಪ್ ಹೊಡಿ.”

ಹಿಂದೆ ವಿಧಾನ ಪರಿಷತ್ತನ್ನು ರದ್ದು ಮಾಡುವಾಗ ಹೌದು ಅಂದಿದ್ದ ಕಾಕಾ ಅದನ್ನು ಮತ್ತೆ ತರುವ ನಿರ್ಣಯಕ್ಕೂ ಹೌದು ಅಂದರು. ನಮ್ಮಪ್ಪ ಬಿಡುತ್ತಾರೆಯೇ? “ಕೆಡವಿದವರೂ ನೀವ, ಕಟ್ಟಾವರೂ ನೀವ ಏನ್ರಿ?” ಎಂದು ಕಿಚಾಯಿಸಿದರು.

“ಚುನಾವಣ್ಯಾಗ ಸೋತವರು ಹೋಗಿ ಕಾಲು ಚಾಚೋ ಜಾಗ ಆಗಿತ್ತರಿ ಅದು, ಅದಕ್ಕ ಕೆಡವಿದೆ. ಮಾಸ್ತರು, ಓದಿದವರು ಕುಂತು ನಮ್ಮ ಗಡಿಬಿಡಿ ತಿದ್ದೂದಾದ್ರ ಭಾಳ ಚಲೋ ಐತಿ,” ಅಂದರು ಕಾಕಾ.

ಬರೀ ಮಾತಲ್ಲ. ಸೋತವರನ್ನು ಐದು ವರ್ಷ ಪರಿಷತ್ತಿಗೆ ಸೇರಿಸಬಾರದೆಂದು ತಿದ್ದುಪಡಿ ಸೂಚಿಸಿದರು. ಪರವಾಗಿ ಎದ್ದವರು ಅವರೊಬ್ಬರೇ. ಸದನ ನಕ್ಕಿತಂತೆ. ಹಾಳೆಯಲ್ಲಿ ಅದನ್ನೂ ಬರೆಸಿದರು: ‘ಪರ: ಒಂದು.’

ಮುಂದಿನ ಚುನಾವಣೆಯಲ್ಲಿ ಅವರೇ ಸೋತರು. ಸ್ವಲ್ಪ ದಿನಕ್ಕೆ ಪಕ್ಷದವರಿಬ್ಬರು ಶಾಲು ಹಿಡಿದು ಬಂದರು. ಪರಿಷತ್ತಿನಲ್ಲಿ ಅವರಿಗೊಂದು ಸ್ಥಾನ ಇಟ್ಟಿದ್ದಾರೆಂದರು. ಸುಶೀಲಾ ಕಾಕಿಯ ಮುಖ ಅರಳಿತು. ಪಾಪ, ಕ್ಷೇತ್ರದಿಂದ ಬಂದವರಿಗೆಲ್ಲ ರೊಟ್ಟಿ ಬಡಿದೇ ಆ ಕೈ ಸವೆದಿತ್ತು. ಗಂಡನಿಗೆ ಮತ್ತೆ ಮಾನ ಸಿಗಲಿ ಎಂಬುದೊಂದೇ ಆಸೆ. ಸುಳ್ಳು ಯಾಕೆ ಹೇಳಲಿ, ನನಗೂ ಅವರು ಒಪ್ಪಲಿ ಅಂತಲೇ ಇತ್ತು.

ಕಾಕಾ ಚಹಾ ಕೊಟ್ಟು, ಶಾಲು ಮರಳಿಸಿ, ಅವರನ್ನು ಗೇಟಿನ ತನಕ ಬಿಟ್ಟು ಬಂದರು.

“ನಿಮ್ಮ ತಿದ್ದುಪಡಿ ಬಿದ್ದುಹೋತಲ್ರೀ. ಈಗ ಅಡ್ಡಿ ಏನೈತಿ?” ಕಾಕಿ ಬಾಗಿಲಲ್ಲೇ ತಡೆದು ಕೇಳಿದರು.

“ಸೋತ ಮಂದಿಗೆ ಕೊಡಬ್ಯಾಡ್ರಿ ಅಂತ ನಾನ ಅಂದದ್ದನ್ನ ನಾ ಹೆಂಗ ತಗೊಳ್ಳಲಿ, ಸುಶೀಲಾ?”

ಹದಿನೈದು ದಿನ ಕಾಕಿ ಮಾತು ಬಿಟ್ಟರು. ತಾಟು ಇಡುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಕಾಕಾ ಉಂಡು, ತಾಟು ತಾವೇ ತೊಳೆದಿಡುತ್ತಿದ್ದರು. ಅಂಥ ಮನುಷ್ಯನ ಪಕ್ಕದ ಮನೆಯಲ್ಲಿ ಬೆಳೆದೆ ಅನ್ನೋ ಹೆಮ್ಮೆ ನನಗೆ ಇವತ್ತಿಗೂ ಇದೆ.

ಅವರು ತೀರಿಕೊಂಡ ದಿನ ತೆಲುಗು ಪತ್ರಿಕೆಯ ವರದಿಗಾರನೊಬ್ಬ ಬಂದಿದ್ದ. ಪಕ್ಷದವರು ಹೇಳಿದ್ದನ್ನು ಬರೆದುಕೊಳ್ಳುತ್ತ, “ಕೊನೆಗೆ ಪರಿಷತ್ತಿನ ಅವಕಾಶವೂ ತಪ್ಪಿತಂತೆ, ಅಲ್ವಾ?” ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ, ಮೂಲೆಯಲ್ಲಿ ಕೂತಿದ್ದ ಕಾಕಿ ತಲೆ ಎತ್ತಿದರು. ಹರಕುಮುರುಕು ತೆಲುಗಿನಲ್ಲೇ ಹೇಳಿದರು:

“ತಪ್ಪಿದ್ದಲ್ಲಪ್ಪಾ. ಮನೀಗೆ ಬಂದಿತ್ತು. ಇವರು ಬ್ಯಾಡ ಅಂದ್ರು. ಹಂಗ ಬರಿ.”