ಬಳ್ಳಿ ಗುಲಾಬಿಗೆ ಸಿಕ್ಕ ಜಾಗ

ನಮ್ಮ ಮೊಮ್ಮಗಳು ನಡೆದಳು! ಎರಡು ವರ್ಷ ತುಂಬುತ್ತ ಬಂದರೂ ಹೆಜ್ಜೆ ಇಡದ ಕೂಸನ್ನು ನೋಡಿ ನಾವೆಲ್ಲ ಒಳಗೊಳಗೇ ಕೊರಗುತ್ತಿದ್ದೆವು. ಆವತ್ತು ಹೊಳಲ್ಕೆರೆಯ ನಮ್ಮ ಮನೆಯಂಗಳದಲ್ಲಿ ಸೊಸೆ ಬಳ್ಳಿ ಗುಲಾಬಿ ಸಸಿ ಹಿಡಿದು ನಿಂತಿದ್ದಳು.

“ಬಾಗ್ಲ ಪಕ್ಕದಾಗೆ ಹಾಕಾಣ ಅತ್ತೆ, ಚಂದ ಕಾಣ್ತೈತೆ.”

“ಹೊಸಲ ಹತ್ರ ಮುಳ್ಳಿನ ಗಿಡ ಹಾಕ್ತಾರೇನೇ? ಗೇಟಿನ ಹೊರಗ್ಳ ಕಂಬಕ್ಕೆ ಹಬ್ಸು.”

ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಷ್ಟರಲ್ಲಿ ತುಳಸಿಕಟ್ಟೆ ಹಿಡಿದು ನಿಂತಿದ್ದ ಕೂಸು ಕೈಬಿಟ್ಟು, ತಟ್ಟಾಡುತ್ತ ಸಸಿಯ ಕಡೆಗೇ ನಡೆದು ಬಂತು.

ಸೊಸೆ ಸಸಿಯನ್ನು ಮೇಲೆತ್ತಿ ಹಿಡಿದು, ಅಳುತ್ತಲೇ ನಕ್ಕಳು. “ಬಾಗ್ಲತ್ರ ಬ್ಯಾಡ ಅತ್ತೆ, ಇನ್ನು ಇವ್ಳು ದಿನಾ ಮುಳ್ಳಿಗೆ ಕೈ ಹಾಕ್ತಾಳೆ!”

ಸಸಿಯನ್ನು ಗೇಟಿನ ಹೊರಗಿನ ಕಂಬದ ಬುಡದಲ್ಲೇ ನೆಟ್ಟೆವು. ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮುದ್ದೆ ಉಂಡೆವು. ಕೂಸು ಮಾತ್ರ ತಟ್ಟೆಯಿಂದ ತಟ್ಟೆಗೆ ನಡೆಯುತ್ತಲೇ ಉಂಡಿತು.